ಕರಾವಳಿಯಲ್ಲಿ ಜೀವವಿಜ್ಞಾನ ಎಂ.ಎಸ್ಸಿ., ಪಿಎಚ್.ಡಿ.: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ರಿಸಲ್ಟ್ ಬಂತೆಂದರೆ ಪ್ರತಿ ವರ್ಷ ಇದೇ ಪ್ರಶ್ನೆಗಳು. ಕೆಲವರು ತಾವೇ ಕೇಳುತ್ತಾರೆ, ಕೆಲವರು ಅಪ್ಪ-ಅಮ್ಮನಿಂದ ಕೇಳಿಸುತ್ತಾರೆ. ಫೀಸು, ಸೀಟು, ಕೊನೆಯ ದಿನಾಂಕದ ವಿವರ ಇಲ್ಲಿಲ್ಲ. ಅವು ವರ್ಷ ವರ್ಷ ಬದಲಾಗುತ್ತವೆ, ಆಯಾ ಸಂಸ್ಥೆಯ ಅಧಿಸೂಚನೆಯಲ್ಲೇ ನೋಡಿ. ಅಧಿಸೂಚನೆಯಲ್ಲಿ ಯಾರೂ ಬರೆಯದ ಸಂಗತಿಗಳಿಗೆ ಇಲ್ಲಿ ಜಾಗ ಜಾಸ್ತಿ ಕೊಟ್ಟಿದ್ದೇನೆ.

ಎಂ.ಎಸ್ಸಿ. ಮಾಡಲು ಊರು ಬಿಟ್ಟು ಹೋಗಲೇಬೇಕಾ?

ಬೇಡ. ಹೋಗಬೇಕು ಅನಿಸಿದರೆ ಹೋಗಿ, ಇಲ್ಲಿ ಸಿಗುವುದಿಲ್ಲ ಅಂತ ಹೋಗಬೇಡಿ. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಉಂಟು. ಮೊದಲು ಅದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, 1980ರಲ್ಲಿ ಸ್ವತಂತ್ರವಾಯಿತು. ಬಯೋಸೈನ್ಸ್, ಅನ್ವಯಿಕ ಸಸ್ಯಶಾಸ್ತ್ರ, ಅನ್ವಯಿಕ ಪ್ರಾಣಿಶಾಸ್ತ್ರ, ಬಯೋಕೆಮಿಸ್ಟ್ರಿ ಎಲ್ಲ ಅಲ್ಲಿ ಬೇರೆ ಬೇರೆ ವಿಭಾಗಗಳು. ದೇರಳಕಟ್ಟೆಯಲ್ಲಿ ನಿಟ್ಟೆ ಮತ್ತು ಯೆನೆಪೋಯ, ಮಣಿಪಾಲದಲ್ಲಿ ಮಾಹೆಯ (ಮಣಿಪಾಲ ಅಕಾಡೆಮಿ ಆಫ್ ಹೈಯರ್ ಎಜುಕೇಶನ್) ಜೀವವಿಜ್ಞಾನ ಶಾಲೆ ಇವೆ. ಇವು ಡೀಮ್ಡ್, ಅಂದರೆ ತಾವೇ ಪದವಿ ಕೊಡುವ ಮಾನ್ಯತೆ ಪಡೆದ ಸಂಸ್ಥೆಗಳು. ನಗರದೊಳಗೆ 1880ರಲ್ಲಿ ಶುರುವಾದ ಸೇಂಟ್ ಅಲೋಶಿಯಸ್, ಈಗ ಅದೂ ಡೀಮ್ಡ್ ವಿಶ್ವವಿದ್ಯಾನಿಲಯ. ಉಜಿರೆ, ಮೂಡುಬಿದಿರೆ ಕಡೆಯ ಕಾಲೇಜುಗಳಲ್ಲೂ ಸ್ನಾತಕೋತ್ತರ ಕೋರ್ಸ್ ಉಂಟು.

ಡೀಮ್ಡ್‌ಗಳಲ್ಲಿ ಫೀಸು ಜಾಸ್ತಿ, ಸಾಮಾನ್ಯವಾಗಿ ಉಪಕರಣವೂ ಜಾಸ್ತಿ. ಮಣಿಪಾಲ, ದೇರಳಕಟ್ಟೆಗಳಲ್ಲಿ ಪಕ್ಕದಲ್ಲೇ ಮೆಡಿಕಲ್ ಕಾಲೇಜು ಇರುವುದರಿಂದ ಕ್ಯಾನ್ಸರ್, ಜೀವಕೋಶ, ಪ್ರೋಟೀನ್, ರೋಗಾಣು ಇಂಥ ಕೆಲಸ ಹೆಚ್ಚು. ಗಿಡ, ಕಪ್ಪೆ, ಅಣಬೆ, ಅಳಿವೆಯ ನೀರು ಅಂತ ಹೊರಗೆ ತಿರುಗುವ ಆಸೆ ಇದ್ದರೆ ಕೊಣಾಜೆಯಂಥ ಕಡೆ ಮೊದಲು ವಿಚಾರಿಸಿ. ಎರಡರಲ್ಲಿ ಯಾವುದೂ ಮೇಲಲ್ಲ. ಆದರೆ ದಿನವಿಡೀ ಎಸಿ ಕೋಣೆಯಲ್ಲಿ ಪಿಪೆಟ್ ಹಿಡಿಯುವ ಬದುಕಿಗೂ ಕೆಸರಲ್ಲಿ ಕಾಲು ಹುಗಿದುಕೊಂಡು ನಿಲ್ಲುವ ಬದುಕಿಗೂ ತುಂಬ ವ್ಯತ್ಯಾಸ ಉಂಟು. ಅದನ್ನು ಸೇರುವ ಮೊದಲೇ ಯೋಚಿಸಿ.

ಫಿಶರೀಸ್ ಕಾಲೇಜಿಗೆ ಪ್ರಾಣಿಶಾಸ್ತ್ರ ಬಿ.ಎಸ್ಸಿ. ಮಾಡಿದವರು ಹೋಗಬಹುದಾ?

ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದ್ದು, ದೇಶದಲ್ಲೇ ಮೊದಲನೆಯದು. ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿನ ಸ್ನಾತಕೋತ್ತರ ಪದವಿ ಎಂ.ಎಫ್.ಎಸ್ಸಿ., ಅದಕ್ಕೆ ಬಿ.ಎಫ್.ಎಸ್ಸಿ. ಓದಿರಬೇಕು. ಹಾಗಾಗಿ ಸಾಮಾನ್ಯ ಬಿ.ಎಸ್ಸಿ.ಯವರಿಗೆ ಆ ದಾರಿ ಇಲ್ಲ. ಮೀನಿನ ಮೇಲೆಯೇ ಕೆಲಸ ಮಾಡಬೇಕು ಅಂತಿದ್ದರೆ ಬೇಸರ ಬೇಡ. ಪ್ರಾಣಿಶಾಸ್ತ್ರ ಎಂ.ಎಸ್ಸಿ. ಮಾಡಿ ಮೀನಿನ ಪ್ರಾಜೆಕ್ಟ್ ತೆಗೆದುಕೊಳ್ಳಿ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಮಂಗಳೂರಿನಲ್ಲೇ ಉಂಟು.

ಬಯೋಟೆಕ್ನಾಲಜಿ, ಬಾಟನಿ, ಝೂವಾಲಜಿ, ಮೈಕ್ರೋಬಯಾಲಜಿ. ಯಾವುದಕ್ಕೆ ಸ್ಕೋಪ್ ಜಾಸ್ತಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸಂಶೋಧನೆಗೆ ಹೋಗುವವರಿಗೆ ಪದವಿಯ ಹೆಸರು ಅಷ್ಟು ಮುಖ್ಯ ಅಲ್ಲ. ಡಿಎನ್‌ಎ ಕೆಲಸ ಬಾಟನಿಯವರೂ ಮಾಡುತ್ತಾರೆ, ಬ್ಯಾಕ್ಟೀರಿಯಾ ಕೆಲಸ ಝೂವಾಲಜಿಯವರೂ ಮಾಡುತ್ತಾರೆ. ಸಂಶೋಧನೆ, ಅಧ್ಯಾಪನಕ್ಕೆ ಅರ್ಹತೆ ನೋಡುವ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಲೈಫ್ ಸೈನ್ಸಸ್ ಪತ್ರಿಕೆ.

ಪಾಠ ಮಾಡುವ ಕೆಲಸ ಬೇಕು ಅನ್ನುವವರಿಗೆ ಮಾತ್ರ ಹೆಸರು ಮುಖ್ಯವಾಗುತ್ತದೆ. ಸರ್ಕಾರಿ ನೇಮಕಾತಿಯಲ್ಲಿ ಹುದ್ದೆ ಕರೆಯುವುದು ವಿಷಯವಾರು. ಸಸ್ಯಶಾಸ್ತ್ರಕ್ಕೆ ಇಷ್ಟು, ಪ್ರಾಣಿಶಾಸ್ತ್ರಕ್ಕೆ ಇಷ್ಟು ಅಂತ. ನಿಮ್ಮ ಪದವಿ ಪತ್ರದಲ್ಲಿ ಹೊಸ ನಮೂನೆಯ ಹೆಸರಿದ್ದರೆ ಅರ್ಹತೆಯ ವಿಷಯದಲ್ಲಿ ಓಡಾಟ ಶುರುವಾಗುತ್ತದೆ. ಪಿಯು ಉಪನ್ಯಾಸಕರಾಗಲು ಬಿ.ಎಡ್. ಕೂಡ ಬೇಕು, ಇದನ್ನು ಎಂ.ಎಸ್ಸಿ. ಮುಗಿದ ಮೇಲೆ ತಿಳಿದುಕೊಳ್ಳುವವರೇ ಜಾಸ್ತಿ. ಹಳೆಯ ನೇಮಕಾತಿ ಅಧಿಸೂಚನೆ ಒಂದನ್ನು ತೆಗೆದು ಅರ್ಹತೆಯ ಕಾಲಂ ಓದಿ, ಆಮೇಲೆ ಕೋರ್ಸ್ ಆರಿಸಿ.

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಕಷ್ಟ ಆಗ್ತದಾ?

ಮೊದಲ ಸೆಮಿಸ್ಟರ್ ಆಗುತ್ತದೆ. ಪಾಠ, ಪರೀಕ್ಷೆ, ಪ್ರಬಂಧ ಎಲ್ಲ ಇಂಗ್ಲಿಷಿನಲ್ಲಿ. ಲ್ಯಾಬಿನೊಳಗೆ ನಡೆಯುವುದು ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಸೇರಿದ ಒಂದು ಭಾಷೆ. ಅಲ್ಲಿ ಯಾರೂ ನಿಮ್ಮ ವ್ಯಾಕರಣ ನೋಡುವುದಿಲ್ಲ.

ಸಂಶೋಧನಾ ಪೇಪರ್ ಓದುವುದು ಕಷ್ಟ ಅನಿಸಿದರೆ ಮೊದಲ ಸಾಲಿನಿಂದ ಶುರು ಮಾಡಬೇಡಿ. ಚಿತ್ರಗಳನ್ನು ನೋಡಿ, ಅದರ ಕೆಳಗಿನ ವಿವರಣೆ ಓದಿ, ಎಕ್ಸ್ ಅಕ್ಷದಲ್ಲಿ ಏನು ವೈ ಅಕ್ಷದಲ್ಲಿ ಏನು ಅಂತ ಕನ್ನಡದಲ್ಲೇ ನಿಮಗೆ ನೀವೇ ಹೇಳಿಕೊಳ್ಳಿ. ನಂತರ ವಿಧಾನದ ಭಾಗ, ಪೀಠಿಕೆ ಕೊನೆಗೆ. ವಾರಕ್ಕೆ ಒಂದು ಪೇಪರ್ ಹೀಗೆ ಓದಿದರೆ ಎರಡನೇ ಸೆಮಿಸ್ಟರ್ ಹೊತ್ತಿಗೆ ಇಂಗ್ಲಿಷ್ ಮೀಡಿಯಂನವರೂ ನಿಮ್ಮ ಹತ್ತಿರ ಬಂದು ಕೇಳುತ್ತಾರೆ.

ಎಂ.ಎಸ್ಸಿ. ಪ್ರಾಜೆಕ್ಟ್ ಅಂದರೆ ಸುಮ್ನೆ ಒಂದು ಪುಸ್ತಕ ಬೈಂಡ್ ಮಾಡಿ ಕೊಡುವುದು ತಾನೆ?

ಹಾಗೆ ಮಾಡುವವರು ಇದ್ದಾರೆ. ಪಾಸೂ ಆಗುತ್ತಾರೆ. ಆದರೆ ಮುಂದೆ ಪಿಎಚ್.ಡಿ. ಸಂದರ್ಶನದಲ್ಲಿ ಹತ್ತರಲ್ಲಿ ಏಳು ಪ್ರಶ್ನೆ ಬರುವುದು ಆ ಪ್ರಾಜೆಕ್ಟಿನ ಮೇಲೆಯೇ. ಆಗ ಯಾವ ಗಿಡದ ಎಲೆ, ಯಾವ ತಿಂಗಳು ಕಿತ್ತದ್ದು, ಯಾಕೆ ಮೆಥನಾಲ್ ಹಾಕಿದ್ದು ಅಂದರೆ ಉತ್ತರ ಬೇಕು.

ದೊಡ್ಡ ಉಪಕರಣ ಇಲ್ಲದೆ ಏನು ಮಾಡುವುದು ಅನ್ನುವವರಿಗೆ ಒಂದು ಉದಾಹರಣೆ. 2018ರಲ್ಲಿ ಮಂಗಳೂರು ನಗರದಿಂದಲೇ ಒಂದು ಹೊಸ ಕಪ್ಪೆಯನ್ನು ವಿವರಿಸಿದರು, ಹೆಸರು ಮೈಕ್ರೊಹೈಲಾ ಕೋಡಿಯಾಲ್. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಜಾತಿಯ ಕಪ್ಪೆಗಳ ಗುಂಪು ಅದು. ಸಿಕ್ಕಿದ್ದು ಕುದುರೆಮುಖದ ಕಾಡಿನಲ್ಲಿ ಅಲ್ಲ, ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಬಂದರಿನ ಕಡೆಯ ಜಾಗದಲ್ಲಿ. ಇದರ ಹತ್ತಿರದ ಸಂಬಂಧಿಗಳು ಆಗ್ನೇಯ ಏಷ್ಯಾದವು. ಹಡಗಿನಲ್ಲಿ ಬಂದ ದಿಮ್ಮಿಗಳ ಜೊತೆ ಇದೂ ಬಂದಿರಬಹುದು ಎಂದು ವಿವರಿಸಿದವರು ಊಹಿಸಿದ್ದಾರೆ. ಅದಕ್ಕೂ ಮೊದಲು, 2009ರಲ್ಲಿ, ಮಂಗಳೂರಿನ ಇನ್ನೊಂದು ಕಪ್ಪೆಗೆ ಅಲೋಶಿಯಸ್ ಕಾಲೇಜಿನ ಹೆಸರೇ ಬಂತು: ಯೂಫ್ಲಿಕ್ಟಿಸ್ ಅಲೋಶಿಯೈ. ಇಂಥ ಕೆಲಸ ಶುರುವಾಗುವುದು ರಾತ್ರಿ ಟಾರ್ಚ್ ಹಿಡಿದು ಕೂಗು ಕೇಳುವುದರಿಂದ. ಡಿಎನ್‌ಎ ಸರದಿ ಆಮೇಲೆ.

ಡೇಟಾ ಸಂಗ್ರಹಿಸಿ ಆಯಿತು. ಸ್ಟ್ಯಾಟಿಸ್ಟಿಕ್ಸ್ ಯಾರಾದರೂ ಮಾಡಿಕೊಡ್ತಾರಾ?

ಮಾಡಿಕೊಡುವವರು ಸಿಗುತ್ತಾರೆ. ಆದರೆ ಸಂಗ್ರಹಿಸಿ ಆದ ಮೇಲೆ ಅವರ ಹತ್ತಿರ ಹೋದರೆ ಅವರು ಹೇಳುವುದು ಒಂದೇ, ಮೊದಲೇ ಬರಬೇಕಿತ್ತು ಅಂತ.

ಇಲ್ಲಿ ತುಂಬ ಕಾಣುವ ಒಂದು ಎಡವಟ್ಟು ಹೇಳುತ್ತೇನೆ. ಮಲ್ಪೆ ಬಂದರಿಗೆ ಹೋಗಿ ಒಂದು ಬುಟ್ಟಿ ಬಂಗುಡೆ ತೆಗೆದುಕೊಂಡು ಬಂದು ಐವತ್ತು ಮೀನಿನ ಉದ್ದ, ತೂಕ ಅಳೆಯುತ್ತಾರೆ. ಪ್ರಬಂಧದಲ್ಲಿ ಸ್ಯಾಂಪಲ್ ಸಂಖ್ಯೆ 50 ಎಂದು ಬರೆಯುತ್ತಾರೆ. ಆದರೆ ಆ ಐವತ್ತೂ ಒಂದೇ ಬೋಟಿನವು, ಬಹುಶಃ ಒಂದೇ ಹಿಂಡಿನವು, ಒಂದೇ ಬಲೆಯ ಕಣ್ಣಿಗೆ ಸಿಕ್ಕಿದವು. ಅವು ಒಂದನ್ನೊಂದು ಹೋಲುವುದು ಸಹಜ. ಮಲ್ಪೆಯ ಬಂಗುಡೆ ಮಂಗಳೂರು ಧಕ್ಕೆಯ ಬಂಗುಡೆಗಿಂತ ದೊಡ್ಡದು ಅಂತ ಹೇಳಲು ಎರಡು ಬುಟ್ಟಿ ಸಾಲದು, ಎಷ್ಟೇ ಮೀನು ಅಳೆದರೂ ಅದು ಎರಡೇ ಬೋಟಿನ ಹೋಲಿಕೆ. ಹತ್ತು ಬೋಟಿನಿಂದ ಐದೈದು ಮೀನು ತಂದರೆ ಕೆಲಸ ಅಷ್ಟೇ, ಮಾತಿಗೆ ತೂಕ ಬರುತ್ತದೆ. ಆದರೆ ಬೆಳಗಿನ ಜಾವ ಹರಾಜಿನ ಗಲಾಟೆಯಲ್ಲಿ ಹತ್ತು ಬೋಟಿನವರ ಹತ್ತಿರ ಮಾತಾಡಬೇಕು. ಅದಕ್ಕೇ ಯಾರೂ ಮಾಡುವುದಿಲ್ಲ.

ಸ್ಟ್ಯಾಟಿಸ್ಟಿಕ್ಸ್ ಮಾಡುವ ಆರ್ ಅನ್ನುವ ತಂತ್ರಾಂಶ ಉಚಿತ. ಮೊದಲ ವರ್ಷದಲ್ಲೇ ಕಲಿಯಿರಿ.

ನೆಟ್, ಜೆಆರ್‌ಎಫ್ ಅಂದರೆ ನಿಜವಾಗಿ ಏನು?

ಜೆಆರ್‌ಎಫ್ ಅಂದರೆ ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಸಂಶೋಧನೆ ಮಾಡಲು ಸಿಗುವ ಜೂನಿಯರ್ ಫೆಲೋಶಿಪ್. ವಿಜ್ಞಾನದವರ ಸಿಎಸ್‌ಐಆರ್-ಯುಜಿಸಿ ನೆಟ್ ಅನ್ನು ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ಸುತ್ತಿನ ಹೆಸರಿನಲ್ಲಿ ವರ್ಷಕ್ಕೆ ಎರಡು ಸಲ ನಡೆಸುತ್ತಾರೆ, ದಿನಾಂಕ ಮುಂದೆ ಹೋಗುವುದು ಮಾಮೂಲು. ಲೈಫ್ ಸೈನ್ಸಸ್ ಪತ್ರಿಕೆ ಮೂರು ಗಂಟೆ, 200 ಅಂಕ. ಎ ಭಾಗದಲ್ಲಿ ಸಾಮಾನ್ಯ ಲೆಕ್ಕ, ತರ್ಕ: 20ರಲ್ಲಿ 15ಕ್ಕೆ ಉತ್ತರಿಸಬೇಕು, ಒಂದಕ್ಕೆ 2 ಅಂಕ. ಬಿ ಭಾಗದಲ್ಲಿ 50ರಲ್ಲಿ 35, ತಲಾ 2 ಅಂಕ. ಸಿ ಭಾಗದಲ್ಲಿ 75ರಲ್ಲಿ ಬರೀ 25, ಆದರೆ ತಲಾ 4 ಅಂಕ. ಅರ್ಧ ಪರೀಕ್ಷೆ ಅಲ್ಲೇ ಇದೆ. ತಪ್ಪಿಗೆ ಕಾಲು ಭಾಗ ಅಂಕ ಹೋಗುತ್ತದೆ. ಸಿ ಭಾಗದಲ್ಲಿ ಬಾಯಿಪಾಠ ನಡೆಯುವುದಿಲ್ಲ, ಪ್ರಯೋಗದ ಫಲಿತಾಂಶ ಕೊಟ್ಟು ಅರ್ಥ ಏನು ಅಂತ ಕೇಳುತ್ತಾರೆ. ಎಲ್ಲ ಘಟಕ ಓದಲು ಹೋಗಿ ಸೋಲುವುದಕ್ಕಿಂತ ಐದಾರು ಘಟಕಗಳನ್ನು ಆಳವಾಗಿ ಓದುವುದು ಒಳ್ಳೆಯದು.

2024ರಿಂದ ಫಲಿತಾಂಶದಲ್ಲಿ ಮೂರು ವರ್ಗ ಇವೆ. ಮೊದಲನೆಯದಕ್ಕೆ ಜೆಆರ್‌ಎಫ್ ಹಣ ಸಿಗುತ್ತದೆ. ಎರಡನೆಯದು ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶಕ್ಕೆ. ಮೂರನೆಯದು ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ. ಎರಡು, ಮೂರನೇ ವರ್ಗದವರಿಗೆ ಪ್ರವೇಶದಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30. ಆ ಅಂಕ ಒಂದೇ ವರ್ಷ ನಡೆಯುತ್ತದೆ.

ಎಷ್ಟು ಹಣ ಬರ್ತದೆ?

2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಸೀನಿಯರ್ ಫೆಲೋ) ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ತಿಂಗಳ ಮೊದಲನೇ ತಾರೀಕಿಗೆ ಬ್ಯಾಂಕಿಗೆ ಬೀಳುವ ಸಂಬಳ ಅಂತ ಲೆಕ್ಕ ಹಾಕಬೇಡಿ. ಕಾಗದಪತ್ರ ಓಡಾಡಿ ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ ಬರುವುದುಂಟು. ಮೊದಲ ಆರು ತಿಂಗಳ ಖರ್ಚಿಗೆ ಕೈಯಲ್ಲಿ ಏನಾದರೂ ಇಟ್ಟುಕೊಂಡೇ ಸೇರಿ. ಈ ಅವಧಿಯಲ್ಲಿ ಬೈಕಿನ ಇಎಂಐ ಹಾಕಿಸಿಕೊಳ್ಳಬೇಡಿ.

ಜೆಆರ್‌ಎಫ್ ಆಗಲಿಲ್ಲ. ಬೇರೆ ದಾರಿ?

ಉಂಟು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಡಿಬಿಟಿಯ ಜೆಆರ್‌ಎಫ್‌ಗೆ ಬೆಟ್ ಎಂಬ ಪರೀಕ್ಷೆ ಇದೆ, ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಜೆಆರ್‌ಎಫ್ ಕೊಡುತ್ತದೆ. ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾನಿಲಯಕ್ಕೆ ಮೊದಲ ರ‍್ಯಾಂಕ್ ಬಂದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಅದೊಂದು ಕಾರಣಕ್ಕಾದರೂ ಸೆಮಿಸ್ಟರ್ ಅಂಕಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಾಜ್ಯ ಸರ್ಕಾರದ ಕಡೆಯಿಂದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಶೋಧಕರಿಗೆ, ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಬೇರೆ ಬೇರೆ ಫೆಲೋಶಿಪ್‌ಗಳಿವೆ. ಮಣಿಪಾಲ, ದೇರಳಕಟ್ಟೆಯ ಸಂಸ್ಥೆಗಳಲ್ಲಿ ತಮ್ಮದೇ ಫೆಲೋಶಿಪ್ ಇರುತ್ತದೆಯೋ ಎಂದು ವಿಚಾರಿಸಿ.

ಇನ್ನೊಂದು ದಾರಿ ಪ್ರಾಜೆಕ್ಟ್ ಫೆಲೋ. ಪ್ರಾಧ್ಯಾಪಕರಿಗೆ ಬಂದ ಅನುದಾನದಲ್ಲಿ ಒಂದೆರಡು ವರ್ಷದ ಕೆಲಸ. ನನ್ನ ಅಭಿಪ್ರಾಯದಲ್ಲಿ ಎಂ.ಎಸ್ಸಿ. ಮುಗಿಸಿದ ತಕ್ಷಣ ಪಿಎಚ್.ಡಿ.ಗೆ ಹಾರುವುದಕ್ಕಿಂತ ಇದು ಎಷ್ಟೋ ಮೇಲು. ಲ್ಯಾಬ್ ಹೇಗಿದೆ ಅಂತ ನಿಮಗೆ ಗೊತ್ತಾಗುತ್ತದೆ, ನೀವು ಹೇಗೆ ಅಂತ ಅವರಿಗೂ ಗೊತ್ತಾಗುತ್ತದೆ.

ಒಂದು ರೂಪಾಯಿ ಬಾರದೆ ಪೂರ್ಣಾವಧಿ ಪಿಎಚ್.ಡಿ.ಗೆ ಸೇರುವುದು? ಮನೆಯಲ್ಲಿ ಅನುಕೂಲ ಇದ್ದರೆ ಸರಿ. ಇಲ್ಲದಿದ್ದರೆ ಬೇಡ. ಎರಡನೇ ವರ್ಷದಲ್ಲಿ ಟ್ಯೂಷನ್, ಅತಿಥಿ ಉಪನ್ಯಾಸ ಅಂತ ಹೊರಗೆ ಓಡುತ್ತೀರಿ, ಪ್ರಯೋಗ ಅಲ್ಲೇ ನಿಲ್ಲುತ್ತದೆ.

ಗೈಡ್ ಆರಿಸುವುದು ಹೇಗೆ?

ವಿಷಯಕ್ಕಿಂತ ಗೈಡ್ ಮುಖ್ಯ. ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಹೇಗೆ ನೋಡುವುದು ಅಂತ ಹೇಳುವುದಿಲ್ಲ.

ಪಿಎಚ್.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿ ಅವರ ಹೆಸರು ಹಾಕಿ ನೋಡಿ. ಅವರ ವಿದ್ಯಾರ್ಥಿಗಳ ಪ್ರಬಂಧಗಳು ಸಿಗುತ್ತವೆ. ನೋಂದಣಿ ಯಾವಾಗ, ಸಲ್ಲಿಸಿದ್ದು ಯಾವಾಗ ಅಂತ ನೋಡಿದರೆ ಅವರಲ್ಲಿ ಎಷ್ಟು ವರ್ಷ ಹಿಡಿಯುತ್ತದೆ ಅಂತ ಅಂದಾಜಾಗುತ್ತದೆ. ನಂತರ ಪ್ರಕಟಿತ ಪೇಪರ್‌ಗಳಲ್ಲಿ ಮೊದಲ ಹೆಸರು ಯಾರದ್ದು ನೋಡಿ. ಪ್ರತಿ ಸಲ ಗೈಡ್‌ನದ್ದೇ ಇದ್ದರೆ ಕೆಲಸ ಮಾಡಿದ ಹುಡುಗಿ ಎಲ್ಲಿ ಹೋದಳು ಅಂತ ಕೇಳಿಕೊಳ್ಳಬೇಕು.

ಸೀಟು ಖಾಲಿ ಉಂಟಾ ಅಂತಲೂ ಮೊದಲೇ ವಿಚಾರಿಸಿ. ಯುಜಿಸಿ (ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ) ನಿಯಮದ ಪ್ರಕಾರ ಒಬ್ಬ ಪ್ರಾಧ್ಯಾಪಕರು ಒಂದು ಹೊತ್ತಿಗೆ 8 ಜನಕ್ಕೆ, ಸಹ ಪ್ರಾಧ್ಯಾಪಕರು 6 ಜನಕ್ಕೆ, ಸಹಾಯಕ ಪ್ರಾಧ್ಯಾಪಕರು 4 ಜನಕ್ಕೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ, ಕೇಳಲು ಮುಜುಗರವಾದರೂ.

ಕೊನೆಗೆ ಆ ಲ್ಯಾಬಿನ ಹಿರಿಯ ವಿದ್ಯಾರ್ಥಿ ಜೊತೆ ಕ್ಯಾಂಟೀನಿನಲ್ಲಿ ಚಾ ಕುಡಿಯಿರಿ. ಗೈಡ್ ಒಳ್ಳೆಯವರಾ ಅಂತ ಕೇಳಬೇಡಿ, ಒಳ್ಳೆಯವರು ಅಂತಲೇ ಹೇಳುತ್ತಾರೆ. ನೀವು ಬರೆದು ಕೊಟ್ಟ ಅಧ್ಯಾಯ ಓದಿ ವಾಪಸ್ ಕೊಡಲು ಎಷ್ಟು ದಿನ ತೆಗೆದುಕೊಳ್ಳುತ್ತಾರೆ? ಕೆಮಿಕಲ್ ಖಾಲಿಯಾದರೆ ಯಾರ ದುಡ್ಡಿನಲ್ಲಿ ಬರುತ್ತದೆ? ದೀಪಾವಳಿಗೆ ಊರಿಗೆ ಹೋಗಿದ್ದಿರಾ? ಇಂಥದ್ದು ಕೇಳಿ. ಉತ್ತರಕ್ಕಿಂತ ಉತ್ತರಿಸುವ ಮೊದಲಿನ ಮೌನ ಎಷ್ಟು ಉದ್ದ ಅಂತ ಗಮನಿಸಿ.

ಮೇಲ್ ಹಾಕಿದರೆ ಪ್ರೊಫೆಸರ್‌ಗಳು ಉತ್ತರವೇ ಕೊಡುವುದಿಲ್ಲವಲ್ಲ?

ಒಂದೇ ಮೇಲ್ ಮೂವತ್ತು ಜನಕ್ಕೆ ಹೋಗಿದೆ ಅಂತ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ಅದಕ್ಕೆ. ಗೌರವಸೂಚಕ ವಿಶೇಷಣಗಳನ್ನೆಲ್ಲ ತೆಗೆಯಿರಿ. ಅವರ ಯಾವ ಪೇಪರ್ ಓದಿದ್ದೀರಿ, ಅದರಲ್ಲಿ ಯಾವುದು ನಿಮಗೆ ಅರ್ಥವಾಗಲಿಲ್ಲ ಅಥವಾ ಕುತೂಹಲ ಹುಟ್ಟಿಸಿತು, ನಿಮಗೆ ಕೈಯಿಂದ ಮಾಡಲು ಬರುವ ಕೆಲಸ ಏನು. ಇಷ್ಟೇ, ಹತ್ತು ಸಾಲಿನಲ್ಲಿ. ಎರಡು ವಾರ ಬಿಟ್ಟು ಒಂದು ನೆನಪೋಲೆ. ಅದಕ್ಕೂ ಉತ್ತರ ಬಾರದಿದ್ದರೆ ಬಸ್ ಹತ್ತಿ ಹೋಗಿ, ಕೋಣೆಯ ಬಾಗಿಲು ತಟ್ಟಿ. ನಮ್ಮೂರಲ್ಲಿ ಇದು ಈಗಲೂ ನಡೆಯುತ್ತದೆ.

ಪಿಎಚ್.ಡಿ.ಗೆ ಎಷ್ಟು ವರ್ಷ?

ಯುಜಿಸಿಯ 2022ರ ನಿಯಮದಂತೆ ಕೋರ್ಸ್‌ವರ್ಕ್ (ಸಂಶೋಧನೆಗೆ ಮೊದಲಿನ ತರಗತಿ) ಸೇರಿ ಕನಿಷ್ಠ 3, ಗರಿಷ್ಠ 6. ಮರುನೋಂದಣಿ ಮಾಡಿಸಿಕೊಂಡರೆ ಇನ್ನೂ 2. ಮೊದಲಿಗೆ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್, ಪರೀಕ್ಷೆ ಸಮೇತ. ಸೆಮಿಸ್ಟರಿಗೆ ಒಂದು ಸಲ ಸಲಹಾ ಸಮಿತಿಯ ಎದುರು ಪ್ರಗತಿ ತೋರಿಸಬೇಕು. ಜೀವವಿಜ್ಞಾನದಲ್ಲಿ ಮೂರು ವರ್ಷಕ್ಕೆ ಮುಗಿಸುವವರು ಅಪರೂಪ, ಐದು ಅಂತ ಮನೆಯಲ್ಲಿ ಹೇಳಿಬಿಡಿ.

ನಾಲ್ಕು ವರ್ಷದ ಆನರ್ಸ್ ಮಾಡಿದ್ದೇನೆ. ನೇರ ಪಿಎಚ್.ಡಿ.?

ಶೇ. 75 ಅಂಕ ಇದ್ದರೆ ಯುಜಿಸಿ ನಿಯಮದಲ್ಲಿ ಅವಕಾಶ ಉಂಟು. ಕರ್ನಾಟಕ 2024-25ರಿಂದ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂದಿರುವುದರಿಂದ ಈ ಪ್ರಶ್ನೆ ನಿಧಾನಕ್ಕೆ ಇಲ್ಲವಾಗುತ್ತದೆ. ನನ್ನ ಸಲಹೆ, ಎಂ.ಎಸ್ಸಿ. ಬಿಡಬೇಡಿ.

ಇಲ್ಲಿ ಮಳೆಗಾಲದಲ್ಲಿ ಫೀಲ್ಡ್‌ವರ್ಕ್ ಸಾಧ್ಯವಾ?

ಕರಾವಳಿಯಲ್ಲಿ ಸಂಶೋಧನೆಯ ಕ್ಯಾಲೆಂಡರನ್ನು ಮಳೆ ಬರೆಯುತ್ತದೆ. ಹೊರಗಿನಿಂದ ಬಂದವರಿಗೆ ಇದು ಒಂದು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ, ಅಷ್ಟು ಹೊತ್ತಿಗೆ ಒಂದು ಋತು ಕೈಬಿಟ್ಟಿರುತ್ತದೆ.

ಮೀನಿನ ಕೆಲಸ ಮಾಡುವವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಧಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ. ಟ್ರಾಲ್ (ಯಾಂತ್ರಿಕ ಬೋಟು ಎಳೆಯುವ ಬಲೆ) ಮೀನಿನ ಮೇಲೆ ಹನ್ನೆರಡು ತಿಂಗಳ ಮಾಸಿಕ ಮಾದರಿ ಅಂತ ಸಿನಾಪ್ಸಿಸ್‌ನಲ್ಲಿ, ಅಂದರೆ ಸಂಶೋಧನೆಯ ರೂಪರೇಷೆಯಲ್ಲಿ, ಬರೆದವರು ಆ ಎರಡು ತಿಂಗಳು ಏನು ಮಾಡುತ್ತೀರಿ ಅಂತ ಮೊದಲೇ ಉತ್ತರ ಇಟ್ಟುಕೊಂಡಿರಬೇಕು. ನಾಡದೋಣಿಯ ಮೀನು ಸಿಗಬಹುದು, ಆದರೆ ಬಲೆ ಬೇರೆ, ಆಳ ಬೇರೆ, ಹೋಲಿಕೆ ಸರಿಯಾಗುವುದಿಲ್ಲ.

ಅಳಿವೆಯ ಕೆಲಸ ಇನ್ನೂ ಸ್ವಾರಸ್ಯ. ನೇತ್ರಾವತಿ, ಗುರುಪುರ ನದಿ ಸಮುದ್ರ ಸೇರುವಲ್ಲಿ ಏಪ್ರಿಲ್‌ನಲ್ಲಿ ನೀರು ಹೆಚ್ಚುಕಡಿಮೆ ಸಮುದ್ರದಷ್ಟೇ ಉಪ್ಪು. ಜುಲೈಯಲ್ಲಿ ಅದೇ ಜಾಗದಲ್ಲಿ ಮೇಲಿನ ನೀರು ಬಹುತೇಕ ಸಿಹಿ. ಅದರ ಮೇಲೆ ದಿನಕ್ಕೆರಡು ಸಲ ಉಬ್ಬರ-ಇಳಿತ. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಬಂದರೆ ಎರಡು ಬೇರೆ ನದಿಯ ನೀರು ತಂದ ಹಾಗೆ. ಸ್ಯಾಂಪಲ್ ಬಾಟಲಿಯ ಮೇಲೆ ಗಂಟೆ ಮಾತ್ರ ಅಲ್ಲ, ಉಬ್ಬರವೋ ಇಳಿತವೋ ಅಂತಲೂ ಬರೆಯಿರಿ.

ಕಪ್ಪೆಯವರಿಗೆ ಮಾತ್ರ ಇದು ಸುಗ್ಗಿ. ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಮನೆಯಲ್ಲಿ ಮಲಗಿದರೆ ಆ ವರ್ಷದ ಅರ್ಧ ಕೂಗು ಹೋಯಿತು ಅಂತಲೇ ಲೆಕ್ಕ. ಗಿಡದವರಿಗೆ ಆಗಸ್ಟ್, ಸೆಪ್ಟೆಂಬರ್. ಕೊಣಾಜೆ, ಮಣಿಪಾಲದ ಮುರಕಲ್ಲಿನ ಬಯಲು ಬೇಸಿಗೆಯಲ್ಲಿ ಸುಟ್ಟ ಹಂಚಿನ ಬಣ್ಣಕ್ಕಿರುತ್ತದೆ. ಮಳೆ ಬಂದ ಮೇಲೆ ಬೆರಳುದ್ದದ ಗಿಡಗಳು ಎದ್ದು ಕೆಲವೇ ವಾರದಲ್ಲಿ ಹೂ ಬಿಟ್ಟು ಬೀಜ ಉದುರಿಸಿ ಹೋಗುತ್ತವೆ. ಹುಳ ಹಿಡಿದು ತಿನ್ನುವ ಡ್ರೊಸೆರಾ, ನೀಲಿ ಹೂವಿನ ಯುಟ್ರಿಕ್ಯುಲೇರಿಯಾ ಎಲ್ಲ ಅಲ್ಲೇ. ಕಲ್ಲು ಕೋರೆಗೆ ಹೋಗುವ ಮೊದಲು ಈ ಬಯಲುಗಳ ಗಿಡಗಳ ಪಟ್ಟಿ ಮಾಡುವುದೇ ಒಂದು ಪ್ರಬಂಧದ ಕೆಲಸ. ಗಿಡ ಗುರುತಿಸಲು ಉಡುಪಿಯ ಸಸ್ಯತಜ್ಞ ಕೆ. ಗೋಪಾಲಕೃಷ್ಣ ಭಟ್ಟರು ಈ ಜಿಲ್ಲೆಗಳ ಸಸ್ಯಗಳ ಬಗ್ಗೆ ಬರೆದದ್ದನ್ನು ಮೊದಲು ನೋಡಿ. ವಾಮಂಜೂರಿನ ಪಿಲಿಕುಳದಲ್ಲಿ ಪಶ್ಚಿಮಘಟ್ಟದ ಮರಗಳ ಸಸ್ಯೋದ್ಯಾನ ಉಂಟು. ಎಲೆ ಹಿಡಿದು ಹೋಲಿಸಲು ಅಷ್ಟು ದೂರ ಹೋದರೆ ಸಾಕು, ಎಲ್ಲದಕ್ಕೂ ಘಟ್ಟ ಹತ್ತಬೇಕಾಗಿಲ್ಲ.

ಮಳೆಗಾಲದಲ್ಲಿ ಲ್ಯಾಬಿನೊಳಗೆ ಏನು ತೊಂದರೆ?

ಬೂಷ್ಟು. ಹರ್ಬೇರಿಯಂ (ಒಣಗಿಸಿದ ಗಿಡ ಅಂಟಿಸಿದ) ಹಾಳೆ, ಮೈಕ್ರೋಸ್ಕೋಪ್ ಲೆನ್ಸ್, ಪೆಟ್ರಿ ಡಿಶ್, ಚಪ್ಪಲಿ, ಯಾವುದನ್ನೂ ಬಿಡುವುದಿಲ್ಲ. ಗಿಡ ಒಣಗಿಸುವ ಪತ್ರಿಕೆಯನ್ನು ಜುಲೈಯಲ್ಲಿ ದಿನಕ್ಕೆರಡು ಸಲ ಬದಲಿಸಿ, ಬಲ್ಬ್ ಹಾಕಿದ ಪೆಟ್ಟಿಗೆ ಇದ್ದರೆ ಅದರಲ್ಲಿಡಿ. ಲೆನ್ಸನ್ನು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇಡಿ, ಜೆಲ್ ನೀಲಿ ಹೋಗಿ ಗುಲಾಬಿಯಾದರೆ ಓವನ್‌ನಲ್ಲಿ ಒಣಗಿಸಿ.

ಕರೆಂಟ್ ಇನ್ನೊಂದು. ಗಾಳಿಗೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಹೋಗುವುದು ಇಲ್ಲಿ ಹೊಸತಲ್ಲ. ಮೈನಸ್ 80 ಫ್ರೀಜರ್‌ಗೆ ಜನರೇಟರ್ ಸಂಪರ್ಕ ಇದೆಯಾ, ಅದು ತಾನಾಗಿ ಚಾಲೂ ಆಗುತ್ತದಾ ಅಥವಾ ಯಾರಾದರೂ ಹೋಗಿ ಒತ್ತಬೇಕಾ ಅಂತ ಸೇರಿದ ವಾರದಲ್ಲೇ ತಿಳಿದುಕೊಳ್ಳಿ. ಮುಖ್ಯ ಸ್ಯಾಂಪಲ್‌ಗಳನ್ನು ಎರಡು ಫ್ರೀಜರ್‌ನಲ್ಲಿ ಹಂಚಿ ಇಡಿ.

ಕಾಡಿಗೆ ಹೋಗಲು ಅನುಮತಿ ಬೇಕಾ? ನಮ್ಮ ಮನೆ ಹಿಂದೆಯೇ ಕಾಡು.

ಮನೆ ಹಿಂದೆ ಇದ್ದರೂ ಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳಲ್ಲಿ ಸಂಶೋಧನೆಗೆ ಮುಖ್ಯ ವನ್ಯಜೀವಿ ವಾರ್ಡನ್ ಅವರ ಅನುಮತಿ ಪತ್ರ ಬೇಕು. ಅರ್ಜಿ ಬೆಂಗಳೂರಿಗೆ ಹೋಗಿ ಬರಲು ತಿಂಗಳುಗಳು ಹಿಡಿಯುತ್ತವೆ. ಮಳೆಗಾಲದ ಕೆಲಸಕ್ಕೆ ಮೇ ತಿಂಗಳಲ್ಲಿ ಅರ್ಜಿ ಹಾಕಿದರೆ ಪತ್ರ ಬರುವಾಗ ಮಳೆ ನಿಂತಿರುತ್ತದೆ. ಸ್ಯಾಂಪಲ್ ವಿದೇಶಕ್ಕೆ ಕಳಿಸುವುದಾದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ಕಾಗದವೂ ಸೇರುತ್ತದೆ.

ಸಮುದ್ರಕ್ಕೂ ಕಾನೂನು ಉಂಟು, ಇದು ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಮಲ್ಪೆಯಲ್ಲಿ ಟ್ರಾಲ್ ಬಲೆಯ ಕಸದಲ್ಲಿ ಕಡಲಕುದುರೆ ಬಿದ್ದಿರುತ್ತದೆ. ಸತ್ತೇ ಹೋಗಿದೆಯಲ್ಲ ಅಂತ ಡಬ್ಬಕ್ಕೆ ಹಾಕಿಕೊಳ್ಳಬೇಡಿ. ಕಡಲಕುದುರೆ, ಕಡಲಸೌತೆ, ಹವಳ ಇವೆಲ್ಲ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಫೋಟೋ ತೆಗೆಯಿರಿ, ಅಳತೆ ಬರೆದುಕೊಳ್ಳಿ, ಅಲ್ಲೇ ಬಿಡಿ.

ಪ್ರಾಣಿ ಕೊಯ್ಯಬೇಕಾಗ್ತದಾ? ನನಗೆ ಆಗುವುದಿಲ್ಲ.

ಯುಜಿಸಿ 2014ರಲ್ಲೇ ತರಗತಿಯ ಡಿಸೆಕ್ಷನ್ ನಿಲ್ಲಿಸಿದೆ. ಸಂಶೋಧನೆಯಲ್ಲಿ ಇಲಿ ಬಳಸುವವರು ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆದೇ ಬಳಸಬೇಕು. ನಿಮಗೆ ಬೇಡವಾದರೆ ಸೇರುವ ಮೊದಲೇ ಹೇಳಿ, ಇಲಿ ಮುಟ್ಟದ ಲ್ಯಾಬ್ ಬೇಕಾದಷ್ಟಿವೆ.

ಪೇಪರ್ ಪ್ರಕಟಿಸುವುದು ಕಡ್ಡಾಯವಾ?

2022ರ ಯುಜಿಸಿ ನಿಯಮದಲ್ಲಿ ಕಡ್ಡಾಯ ಅಂತ ಇಲ್ಲ, ಆದರೆ ವಿಶ್ವವಿದ್ಯಾನಿಲಯಗಳು ತಮ್ಮ ನಿಯಮ ಇಟ್ಟುಕೊಳ್ಳಬಹುದು. ನಿಯಮ ಏನೇ ಇರಲಿ, ಪೇಪರ್ ಇಲ್ಲದೆ ಮುಂದೆ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧನಾ ಕೆಲಸ) ಸಿಗುವುದು ಕಷ್ಟ. ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ಸಾವಿರ ಹಾಕಿ ಅಂತ ವಾಟ್ಸಾಪ್‌ನಲ್ಲಿ ಬರುವ ಜರ್ನಲ್‌ಗಳಿಗೆ ಕೊಡಬೇಡಿ. ಒಳ್ಳೆಯ ಜರ್ನಲ್ ಪಟ್ಟಿ ಅಂತ ಎಲ್ಲರೂ ನೋಡುತ್ತಿದ್ದ ಯುಜಿಸಿ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದ್ದಾರೆ, ಈಗ ನೀವೇ ನೋಡಿಕೊಳ್ಳಬೇಕು. ನಿಮ್ಮ ವಿಷಯದ ಒಳ್ಳೆಯ ಪೇಪರ್‌ಗಳು ಎಲ್ಲಿ ಬಂದಿವೆ ನೋಡಿ, ಅಲ್ಲಿಗೇ ಕಳಿಸಿ. ತಿರಸ್ಕಾರ ಬಂದರೂ ವಿಮರ್ಶಕರ ಟಿಪ್ಪಣಿ ಉಚಿತವಾಗಿ ಸಿಗುತ್ತದೆ.

ಪ್ರಬಂಧದಲ್ಲಿ ಬೇರೆಯವರ ಸಾಲುಗಳ ಹೋಲಿಕೆ ಶೇ. 10 ದಾಟಿದರೆ 2018ರ ನಿಯಮದಂತೆ ತೊಂದರೆ ಶುರು.

ಮದುವೆ ಆದರೆ ಪಿಎಚ್.ಡಿ. ಬಿಡಬೇಕಾಗ್ತದಾ?

ಈ ಪ್ರಶ್ನೆಯನ್ನು ಹುಡುಗರು ಇದುವರೆಗೆ ಕೇಳಿಲ್ಲ. ನಿಯಮ ಹೇಳುತ್ತೇನೆ. ಮಹಿಳೆಯರಿಗೆ ಗರಿಷ್ಠ ಅವಧಿಯ ಮೇಲೆ 2 ವರ್ಷ ಜಾಸ್ತಿ ಸಿಗುತ್ತದೆ. ಒಟ್ಟು ಅವಧಿಯಲ್ಲಿ 240 ದಿನದವರೆಗೆ ಹೆರಿಗೆ ಅಥವಾ ಮಕ್ಕಳ ಆರೈಕೆ ರಜೆ. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾದರೆ ಡೇಟಾ ಸಮೇತ ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ವರ್ಗಾಯಿಸಿಕೊಳ್ಳಲು ಅವಕಾಶ ಉಂಟು. ಮಾತುಕತೆಗೆ ಬರುವ ಹುಡುಗನ ಮನೆಯವರಿಗೆ ಇನ್ನೂ ಮೂರು ವರ್ಷ ಕೆಲಸ ಇದೆ, ರಾತ್ರಿ ಲೇಟಾಗುತ್ತದೆ, ಕಾಡಿಗೆ ಹೋಗುತ್ತೇನೆ ಅಂತ ಮೊದಲ ದಿನವೇ ಹೇಳಿ.

ಕೆಲಸದಲ್ಲಿದ್ದೇನೆ. ಪಾರ್ಟ್ ಟೈಮ್ ಪಿಎಚ್.ಡಿ. ಆಗ್ತದಾ?

ಆಗುತ್ತದೆ, ಕೆಲಸ ಮಾಡುವ ಸಂಸ್ಥೆಯಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬೇಕು. ಆದರೆ ಪ್ರತಿ ಎರಡು ಗಂಟೆಗೊಮ್ಮೆ ನೋಡಬೇಕಾದ ಜೀವಕೋಶದ ಕೆಲಸ ಬೇಡ. ರಜೆಯಲ್ಲಿ ಮಾಡಬಹುದಾದ ವಿಷಯ ಆರಿಸಿ.

ಕೊಣಾಜೆಗೆ ಹೋಗುವುದು ಹೇಗೆ, ಉಳಿಯುವುದು ಎಲ್ಲಿ?

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ತೊಕ್ಕೊಟ್ಟು, ದೇರಳಕಟ್ಟೆ ಮೇಲಾಗಿ ಸಿಟಿ ಬಸ್ ಉಂಟು. ಹಾಸ್ಟೆಲ್ ಸಿಗದಿದ್ದರೆ ದೇರಳಕಟ್ಟೆ, ಅಸೈಗೋಳಿ ಕಡೆ ಪಿಜಿ ನೋಡಿ. ರಾತ್ರಿ ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ನೋಡಿಕೊಂಡೇ ಪ್ರಯೋಗ ಹಚ್ಚಿ.

ಪಿಎಚ್.ಡಿ. ಆದ ಮೇಲೆ ಊರಲ್ಲೇ ಕೆಲಸ ಸಿಗ್ತದಾ?

ಕೆಲವರಿಗೆ. ಖಾಯಂ ಅಧ್ಯಾಪಕ ಹುದ್ದೆ ಕಡಿಮೆ, ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಉಳಿದವರನ್ನು ಎಲ್ಲ ಕಾಲೇಜಿನಲ್ಲೂ ನೋಡಬಹುದು. ಸುತ್ತಮುತ್ತ ಸಂಶೋಧನಾ ಸಂಸ್ಥೆಗಳಿವೆ. ಕಾಸರಗೋಡಿನಲ್ಲಿ ತೋಟದ ಬೆಳೆಗಳದ್ದು, ಪುತ್ತೂರಿನಲ್ಲಿ ಗೇರುಬೀಜದ್ದು. ಹುದ್ದೆಗಳು ಅಖಿಲ ಭಾರತ ಮಟ್ಟದಲ್ಲಿ ತುಂಬುತ್ತವೆ, ಊರಿನವರು ಅಂತ ರಿಯಾಯಿತಿ ಇಲ್ಲ. ರೋಗಪತ್ತೆ ಲ್ಯಾಬ್, ಸೀಗಡಿ ಕೃಷಿ, ಆಹಾರ ಪರೀಕ್ಷೆ, ಬೆಂಗಳೂರಿನ ಕಂಪನಿಗಳು, ಹೊರದೇಶದ ಪೋಸ್ಟ್‌ಡಾಕ್, ಇವೆಲ್ಲ ಇವೆ. ಡಾಕ್ಟರೇಟ್ ಸಿಕ್ಕಿದ ಮಾತ್ರಕ್ಕೆ ಕೆಲಸ ಹುಡುಕಿಕೊಂಡು ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂರನೇ ವರ್ಷದಿಂದಲೇ ಅರ್ಜಿ ಬರೆಯಲು ಶುರು ಮಾಡಿ.

ಲ್ಯಾಬಿಗೆ ಮೊದಲ ದಿನ ಏನೇನು ತರಬೇಕು?

ಹತ್ತಿಯ ಉದ್ದ ತೋಳಿನ ಕೋಟು, ಮುಚ್ಚಿದ ಶೂ. ಮಳೆಗಾಲವಾದರೆ ಒಣಗಿದ ಇನ್ನೊಂದು ಜೊತೆ ಸಾಕ್ಸ್. ದಪ್ಪ ರಟ್ಟಿನ ನೋಟ್‌ಬುಕ್, ಪುಟಸಂಖ್ಯೆ ಹಾಕಿದ್ದು. ಬಿಡಿ ಹಾಳೆ ಬೇಡ, ಫೋನಿನಲ್ಲಿ ಬರೆದುಕೊಳ್ಳುವುದೂ ಬೇಡ. ಒಂದು ಪೆನ್ಸಿಲ್. ಆಲ್ಕೋಹಾಲ್‌ನಲ್ಲಿ ಹಾಕಿಟ್ಟ ಸ್ಯಾಂಪಲ್‌ಗೆ ಡಬ್ಬದ ಹೊರಗೆ ಮಾರ್ಕರ್‌ನಲ್ಲಿ ಬರೆದರೆ ಒಂದು ಹನಿ ಸೋರಿದರೂ ಅಳಿಸಿ ಹೋಗುತ್ತದೆ. ದಪ್ಪ ಕಾಗದದ ಚೂರಿನಲ್ಲಿ ಜಾಗ, ತಾರೀಕು, ಸಂಗ್ರಹಿಸಿದವರ ಹೆಸರು ಪೆನ್ಸಿಲಿನಲ್ಲಿ ಬರೆದು ಡಬ್ಬದೊಳಗೇ ಹಾಕಿ. ಪೆನ್ಸಿಲ್ ಬರಹ ಆಲ್ಕೋಹಾಲ್‌ನಲ್ಲಿ ಕರಗುವುದಿಲ್ಲ.